ಗುಡಾರದ ಅರವತ್ತು ಕಂಬ ಮತ್ತು ನನ್ನ ಗಣಿತ

ಮೊದಲ ಸಲ ಎನ್‌ಐಒಎಸ್ ಅಂದರೆ ಮನೆಯಲ್ಲೇ ಓದಿ ಪರೀಕ್ಷೆ ಬರೆಯುವ ಮುಕ್ತ ಶಾಲೆಯ ಹತ್ತನೇ ಕ್ಲಾಸಿನ ಗಣಿತ ಬರೆದಾಗ ನನಗೆ ಬಂದದ್ದು 26. ಪಾಸಾಗಲು 33 ಬೇಕು. ಎರಡನೇ ಸಲ 78 ಬಂತು. ನಡುವೆ ಟ್ಯೂಷನ್‌ಗೆ ಹೋಗಲಿಲ್ಲ. ಇದ್ದದ್ದು ಒಂದು ಹಳೇ ಲ್ಯಾಪ್‌ಟಾಪ್, ಮೈನ್‌ಕ್ರಾಫ್ಟ್ ಅನ್ನುವ ಬ್ಲಾಕ್ ಜೋಡಿಸಿ ಕಟ್ಟುವ ಆಟ, ನಾಲ್ಕು ಗ್ರಾಫ್ ಪುಸ್ತಕ, ಮತ್ತೆ ಸತ್ಯವೇದದ, ಅಂದರೆ ಬೈಬಲಿನ, ವಿಮೋಚನಕಾಂಡ. ಇದನ್ನು ಹೇಳಿದಾಗ ಯಾರೂ ನಂಬಲಿಲ್ಲ. ಈಗ ಮಾರ್ಕ್ಸ್ ಕಾರ್ಡ್ ಕೈಯಲ್ಲಿ ಉಂಟು. ಅದಕ್ಕೇ ಬರೆಯುತ್ತಿದ್ದೇನೆ.

ನಂಬದವರಲ್ಲಿ ಮೊದಲನೆಯವರು ಕಾರ್ಕಳದ ದೊಡ್ಡಪ್ಪ. ರಿಟೈರ್ ಆದ ಗಣಿತದ ಮೇಷ್ಟ್ರು. "ಎಂಥ ಮಾರಾಯ್ತಿ, ಮೂವತ್ತು ವರ್ಷ ಪಾಠ ಮಾಡಿದೆ, ಆಟ ಆಡಿ ಪಾಸಾದವರನ್ನು ಒಬ್ಬರನ್ನೂ ನೋಡಿಲ್ಲ" ಎಂದರು. ಎರಡನೆಯವರು ನಮ್ಮ ಸಭೆಯ ಒಬ್ಬ ಹಿರಿಯರು. ಅವರಿಗೆ ನನ್ನ ಗಣಿತದ ಚಿಂತೆ ಇರಲಿಲ್ಲ, ಆತ್ಮದ ಚಿಂತೆ. ಆಟದಲ್ಲಿ ನೆದರ್ ಅಂತ ಒಂದು ಲೋಕ ಇದೆ ಎಂದು ಅವರ ಮೊಮ್ಮಗ ಹೇಳಿಬಿಟ್ಟಿದ್ದ. ಆರಾಧನೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಹತ್ತಿರ ನಿಲ್ಲಿಸಿ, "ಪಾತಾಳಕ್ಕೆ ಬಾಗಿಲು ಕಟ್ಟುವ ಆಟವಂತೆ, ಹೌದಾ?" ಎಂದು ಕೇಳಿದರು. "ಅಂಕಲ್, ಅಲ್ಲಿ ಒಂದು ಹೆಜ್ಜೆ ಇಟ್ಟರೆ ಇಲ್ಲಿ ಎಂಟು ಹೆಜ್ಜೆ ಆಗುತ್ತದೆ, ಅನುಪಾತ ಕಲಿಯಲು ಒಳ್ಳೆಯದು" ಎಂದೆ. ಅವರು ಕೇಳಿದ್ದು ಅದಲ್ಲ ಅಂತ ಮುಖ ನೋಡಿಯೇ ಗೊತ್ತಾಯಿತು.

ಮೊದಲು ದುಡ್ಡಿನ ಲೆಕ್ಕ. ಮನೆಯಲ್ಲೇ ಓದುವವರೆಲ್ಲ ಕೇಳುವುದು ಅದನ್ನೇ. ಟ್ಯೂಷನ್‌ಗೆ ತಿಂಗಳಿಗೆ 1,200, ಏಳು ತಿಂಗಳು. ಅಷ್ಟು ಸುರಿದ ಮೇಲೆ ಬಂದದ್ದೇ ಆ 26. ಪಪ್ಪನದ್ದು ಮೋಟಾರ್ ರಿವೈಂಡಿಂಗ್ ಅಂಗಡಿ, ಮಮ್ಮಿ ನರ್ಸ್. ಮತ್ತೊಂದು ಟ್ಯೂಷನ್ ಅನ್ನುವ ಮಾತೇ ಬರಲಿಲ್ಲ. ಲ್ಯಾಪ್‌ಟಾಪ್ 14,000. ಅದರಲ್ಲಿ ಐದು ಸಾವಿರ ನನ್ನದು. ಕ್ರಿಸ್ಮಸ್‌ಗೆ ಬಿದಿರಿನ ಕಡ್ಡಿ, ಬಣ್ಣದ ಕಾಗದ ತಂದು ನಕ್ಷತ್ರ ಮಾಡಿ ಒಂದಕ್ಕೆ 250ರಂತೆ ಮಾರಿದೆ. ಇಪ್ಪತ್ತೆರಡು ಹೋದವು. ಎರಡರ ದುಡ್ಡು ಇನ್ನೂ ಬಂದಿಲ್ಲ. ಯಾರು ಅಂತ ಅವರಿಗೇ ಗೊತ್ತು. ರ‍್ಯಾಮ್ ಹಾಕಿಸಲು ಇನ್ನೊಂದು 1,600. ಆಟ ಕೊಳ್ಳಲು ದುಡ್ಡಿರಲಿಲ್ಲ. ಹಾಗಾಗಿ ಮೊದಲ ಆರು ತಿಂಗಳು ಅದೇ ಥರದ, ಪುಕ್ಕಟೆ ಸಿಗುವ ಮೈನ್‌ಟೆಸ್ಟ್ ಆಡಿದೆ, ಈಗ ಲುವಾಂಟಿ ಅನ್ನುತ್ತಾರಲ್ಲ, ಅದು. ಕಂಬ, ಗೋಡೆ ಕಟ್ಟುವಷ್ಟಕ್ಕೆ ಅದೇ ಸಾಕು. ಕೊಳ್ಳಲೇಬೇಕು ಅಂತಿಲ್ಲ.

ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿತ್ತು. ಮಾರುವವರು ಅದನ್ನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಜೂನ್ ತಿಂಗಳು, ಮಳೆ, ಕರೆಂಟು ಹೋಯಿತು, ಲ್ಯಾಪ್‌ಟಾಪ್ ಆಫ್. ಮತ್ತೆ ಹಾಕಿ ನೋಡಿದರೆ ಮೂರು ವಾರದ ಕೆಲಸದಲ್ಲಿ, ಆಟದೊಳಗೆ ಕಟ್ಟಿದ್ದ ಅರ್ಧ ಅಂಗಳವೇ ಇಲ್ಲ. ಅವತ್ತು ಊಟ ಮಾಡಲಿಲ್ಲ. ಪಪ್ಪ ಏನೂ ಹೇಳದೆ ಅಂಗಡಿಯಿಂದ ಹಳೇ ಇನ್ವರ್ಟರ್ ತಂದು ಮೂಲೆಯಲ್ಲಿಟ್ಟರು. ನಾನು 350 ರೂಪಾಯಿ ಕೊಟ್ಟು ಪೆನ್‌ಡ್ರೈವ್ ತಗೊಂಡೆ. ಬ್ಯಾಕಪ್ ಮಾಡಿ ಅಂತ ನಿಮಗೆ ಹೇಳಬೇಕಾಗಿಲ್ಲ, ಗೊತ್ತಿರುತ್ತದೆ. ನನಗೂ ಗೊತ್ತಿತ್ತು.

ಆಟದಿಂದ ಕಲಿಯಬಹುದು ಎಂದು ಸುಮ್ನೆ ಆಡುತ್ತಾ ಕೂತರೆ ಏನೂ ಬರುವುದಿಲ್ಲ. ನಾನು ಮೂರು ತಿಂಗಳು ಹಾಗೇ ಕಳೆದೆ. ಕಲಿತದ್ದು ಒಂದೇ, ಆಟದೊಳಗಿನ ಹಳ್ಳಿಯವರನ್ನು ಒಂದೊಂದು ಗೂಡಿನಲ್ಲಿ ಕೂಡಿಹಾಕಿ ಅವರಿಂದ ಕಡಿಮೆ ರೇಟಿಗೆ ಪುಸ್ತಕ ತೆಗೆಸುವುದು. ಆ ಹೊತ್ತಿಗೆ ಮನೆಯ ಪ್ರಾರ್ಥನೆಯಲ್ಲಿ ವಿಮೋಚನಕಾಂಡ ಶುರುವಾಯಿತು. ನಮ್ಮಲ್ಲಿ ರಾತ್ರಿಗೆ ಒಂದು ಅಧ್ಯಾಯ, ಅಜ್ಜಿ ಒಂದು ವಚನವನ್ನೂ ಬಿಡಲು ಬಿಡುವುದಿಲ್ಲ. ಐಗುಪ್ತದಲ್ಲಿ (ಈಜಿಪ್ಟ್) ಇಸ್ರಾಯೇಲ್ಯರನ್ನು ಗುಲಾಮರಾಗಿ ಇಟ್ಟು, ಹುಲ್ಲು ಕೊಡದೆ ಇಟ್ಟಿಗೆ ಮಾಡಿಸುತ್ತಿದ್ದರು ಅನ್ನುವಲ್ಲಿ ನನಗೆ ನನ್ನ ಗೂಡುಗಳು ನೆನಪಾದವು. ಇಪ್ಪತ್ತನಾಲ್ಕು ಜನ ಇದ್ದರು. ಬರೀ ಚಿತ್ರ ಅವು, ಗೊತ್ತು. ಆದರೂ ಮಾರನೇ ದಿನ ಗೋಡೆ ಒಡೆದುಬಿಟ್ಟೆ. ಅವರು ಹೊರಗೆ ಬಂದು ಅಲ್ಲೇ ನಿಂತಿದ್ದರು. ರಾತ್ರಿ ಅರ್ಧ ಜನರನ್ನು ಜಾಂಬಿ ಹಿಡಿಯಿತು. ಬಿಡುಗಡೆ ಮಾಡುವ ಮೊದಲು ಬೇಲಿ ಹಾಕಬೇಕಿತ್ತು.

ಇಪ್ಪತ್ತಾರನೇ ಅಧ್ಯಾಯ ಬಂದಾಗ ಎಲ್ಲರೂ ಆಕಳಿಸುತ್ತಿದ್ದರು. ಹತ್ತು ಮೊಳ ಉದ್ದ, ಒಂದೂವರೆ ಮೊಳ ಅಗಲ, ಬರೀ ಅಳತೆ. "ಮೊಳ ಅಂದರೆ ಎಷ್ಟು?" ಎಂದೆ. ಅಜ್ಜಿ ನನ್ನ ಕೈ ಎಳೆದುಕೊಂಡು ಮೊಣಕೈಯಿಂದ ನಡುಬೆರಳಿನ ತುದಿಗೆ ದಾರ ಹಿಡಿದರು. 42 ಸೆಂಟಿಮೀಟರ್. ಪಪ್ಪನ ಕೈ 47. ಆ ಅಧ್ಯಾಯದಲ್ಲಿರುವ ಗುಡಾರವನ್ನು, ಅಂದರೆ ಮೋಶೆ ದೇವರ ಆರಾಧನೆಗೆ ಕಟ್ಟಿಸಿದ ಡೇರೆಯನ್ನು, ಆ ರಾತ್ರಿಯೇ ಆಟದಲ್ಲಿ ಕಟ್ಟಲು ಶುರುಮಾಡಿದೆ.

ಒಂದು ಮೊಳಕ್ಕೆ ಒಂದು ಬ್ಲಾಕ್ ಅಂತ ಹೊರಟೆ. ಒಂದೂವರೆ ಮೊಳದ ಹಲಗೆಯಲ್ಲೇ ಸಿಕ್ಕಿಬಿದ್ದೆ. ಅರ್ಧ ಬ್ಲಾಕನ್ನು ನಿಲ್ಲಿಸುವುದು ಹೇಗೆ? ಹಲಗೆಗೆ ಎರಡು ಬ್ಲಾಕ್ ಹಿಡಿದರೆ ಇಪ್ಪತ್ತು ಹಲಗೆಗೆ ನಲವತ್ತಾಗುತ್ತದೆ, ಒಂದೇ ಹಿಡಿದರೆ ಇಪ್ಪತ್ತು. ಆಗಬೇಕಾದ್ದು ಮೂವತ್ತು. ಎಲ್ಲ ಒಡೆದು ಮೊಳಕ್ಕೆ ಎರಡು ಬ್ಲಾಕ್ ಮಾಡಿದೆ. ಹಲಗೆ ಮೂರು ಬ್ಲಾಕ್ ಅಗಲ, ಇಪ್ಪತ್ತು ಎತ್ತರ. ಲೆಕ್ಕ ಕೂತಿತು. ಒಂದೇ ತೊಂದರೆ, ಆ ಅಳತೆಗೆ ಆಟದೊಳಗಿನ ನಮ್ಮ ಮೋಶೆ ಒಂದು ಮೊಳವೂ ಇಲ್ಲ. ಇರಲಿ ಬಿಡಿ.

ಹಲಗೆ ಜಾಲೀಮರದ್ದು ಅಂತ ಬರೆದಿದೆ. ಆಟದಲ್ಲೂ ಆ ಮರ ಇದೆ, ಅಕೇಶಿಯಾ. ಅದು ಬೆಳೆಯುವ ಸವಾನಾ ಬಯಲು ಹುಡುಕಿಕೊಂಡು ಹೋಗಿ ಎರಡು ವಾರ ಕಡಿದೆ. ಆಮೇಲೆ ನೋಡಿದರೆ 29ನೇ ವಚನದಲ್ಲಿ ಹಲಗೆಗಳಿಗೆಲ್ಲ ಚಿನ್ನದ ತಗಡು ಹೊದಿಸಬೇಕು ಅಂತಿದೆ! ಅಜ್ಜಿ ಹೇಳಿದ್ದು ಸರಿ, ಒಂದು ವಚನವನ್ನೂ ಬಿಡಬಾರದು. ಲೆಕ್ಕ ಹಾಕಿದೆ. ಒಂದು ಹಲಗೆಗೆ 60 ಬ್ಲಾಕ್, ಒಟ್ಟು 48 ಹಲಗೆ, 2,880 ಚಿನ್ನದ ಬ್ಲಾಕ್. ಒಂದು ಬ್ಲಾಕಿಗೆ ಒಂಬತ್ತು ಗಟ್ಟಿ. 25,920 ಗಟ್ಟಿ. ಎಲ್ಲ ಅಗೆದು ತರಬೇಕಾದ ಸರ್ವೈವಲ್ ಬಿಟ್ಟು, ಎಲ್ಲ ಸುಮ್ನೆ ಸಿಗುವ ಕ್ರಿಯೇಟಿವ್‌ಗೆ ಹೋದೆ. ನಾಚಿಕೆ ಏನಿಲ್ಲ.

ಈಗ ಕಂಬಗಳು. ನಿಜವಾಗಿ ಗಣಿತ ತಲೆಗೆ ಹೋದದ್ದು ಇಲ್ಲಿ. ಅಂಗಳ 100 ಮೊಳ ಉದ್ದ, 50 ಮೊಳ ಅಗಲ. ಉದ್ದದ ಬದಿಗೆ 20 ಕಂಬ, ಅಗಲದ ಬದಿಗೆ 10. ಒಟ್ಟು 60. ಅಂದರೆ ಐದು ಮೊಳಕ್ಕೊಂದು ಕಂಬ, ನನ್ನ ಅಳತೆಯಲ್ಲಿ ಹತ್ತು ಬ್ಲಾಕಿಗೊಂದು. ಮೂಲೆಯಿಂದ ನೆಡುತ್ತಾ ಹೋದೆ. ಆಚೆ ಮೂಲೆ ಮುಟ್ಟುವಾಗ 21 ಆಯಿತು. ಮತ್ತೆ ಎಣಿಸಿದೆ, 21. ಕೊನೆಯದನ್ನು ಕಿತ್ತರೆ 20, ಆದರೆ ಮೂಲೆ ಬೋಳು. ನಾಲ್ಕೂ ಬದಿ ಹೀಗೆ ಎಣಿಸಿದರೆ 21, 21, 11, 11, ಒಟ್ಟು 64. ಎರಡು ದಿನ ತಲೆ ಕೆಡಿಸಿಕೊಂಡೆ. ಸತ್ಯವೇದದಲ್ಲೇ ಲೆಕ್ಕ ತಪ್ಪಿದೆಯಾ ಅಂತ ಒಂದು ಗಳಿಗೆ ಭಯವೂ ಆಯಿತು.

ಬಿಡಿಸಿದ್ದು ಮಮ್ಮಿ. ನೈಟ್ ಡ್ಯೂಟಿ ಮುಗಿಸಿ ಬಂದು ಚಹಾ ಕುಡಿಯುತ್ತಾ ನನ್ನ ಗ್ರಾಫ್ ಪುಸ್ತಕ ನೋಡಿದರು. ಅವರಿಗೆ ಆಟದ ಗಂಧಗಾಳಿ ಇಲ್ಲ. ಮೂಲೆಯ ಚುಕ್ಕಿ ಮೇಲೆ ಬೆರಳಿಟ್ಟು, "ಈ ಕಂಬ ಯಾರದ್ದು? ಈ ಬದಿಯವರೂ ನಮ್ಮದು ಅಂತಾರೆ, ಆ ಬದಿಯವರೂ ನಮ್ಮದು ಅಂತಾರೆ. ನಮ್ಮ ಮತ್ತೆ ಪಕ್ಕದ ಮನೆಯ ಬೇಲಿಗೂಟದ ಹಾಗೆ" ಎಂದರು. ನಾಲ್ಕು ಮೂಲೆ ಎರಡೆರಡು ಸಲ ಎಣಿಕೆಯಾಗಿತ್ತು. 64ರಲ್ಲಿ 4 ಕಳೆದರೆ 60. ಸುತ್ತು ಹಾಕಿ ಬಂದರೆ ಕಂಬ ಎಷ್ಟೋ ಸಂದು ಅಷ್ಟೇ. ನೇರ ಸಾಲಾದರೆ ಸಂದು ಒಂದು ಕಡಿಮೆ. ಸಮಾಂತರ ಶ್ರೇಢಿಯ ಸೂತ್ರದಲ್ಲಿ ಆ 'ಎನ್ ಮೈನಸ್ ಒಂದು' ಯಾಕೆ ಬರುತ್ತದೆ ಅಂತ ಏಳು ತಿಂಗಳ ಟ್ಯೂಷನ್‌ನಲ್ಲಿ ನನಗೆ ತಿಳಿದಿರಲಿಲ್ಲ. ಅವತ್ತು ತಿಳಿಯಿತು.

ಅಲ್ಲಿಂದ ನನ್ನ ವಿಧಾನ ಗಟ್ಟಿಯಾಯಿತು. ಮೊದಲು ಗ್ರಾಫ್ ಹಾಳೆಯಲ್ಲಿ ಕೈಯಿಂದ ಬರೆಯಬೇಕು. ಆಮೇಲೆ ಕಟ್ಟಬೇಕು. ಕಟ್ಟಿದ ಮೇಲೆ ಎಲ್ಲಿ ತಪ್ಪಿತು ಅಂತ ಅದೇ ಹಾಳೆಯಲ್ಲಿ ಕೆಂಪು ಪೆನ್ನಿನಲ್ಲಿ ಹಾಕಬೇಕು. ಆ ಹಾಳೆ ಆಟ ಗೊತ್ತಿಲ್ಲದ ಮಮ್ಮಿಗೆ ಅರ್ಥವಾಗಬೇಕು. ಆಗದಿದ್ದರೆ ಮಾರನೇ ದಿನ ಲ್ಯಾಪ್‌ಟಾಪ್ ಇಲ್ಲ. ಯಾವ ಪಾಠಕ್ಕೆ ಯಾವ ಕಟ್ಟಡ ಅಂತ ನಾನೊಂದು ಪಟ್ಟಿ ಮಾಡಿದ್ದೇನೆ. ಅದನ್ನು ಇಲ್ಲಿ ಹಾಕುವುದಿಲ್ಲ. ಒಂದು ವರ್ಷದ ಬೆವರು ಅದು. ಒಂದು ಮಾತ್ರ ಹೇಳುತ್ತೇನೆ, ಘನಫಲಕ್ಕೆ ಸತ್ಯವೇದದ ರಾಜ ಸೊಲೊಮೋನನ ದೇವಾಲಯ ತಗೊಳ್ಳಿ. ಗುಡಾರ ಉದ್ದ 30, ಅಗಲ 10, ಎತ್ತರ 10 ಮೊಳ. ದೇವಾಲಯ 60, 20, 30. ಎಲ್ಲ ಎರಡರಷ್ಟು, ಹಾಗಾದರೆ ಎಂಟು ಪಟ್ಟು ಅಂತ ಬರೆದಿದ್ದೆ. ಎತ್ತರ ಮೂರರಷ್ಟು, ಹಾಗಾಗಿ ಹನ್ನೆರಡು ಪಟ್ಟು. ಕೆಂಪು ಪೆನ್ನು.

ಓದುವುದಕ್ಕಿಂತ ಕಷ್ಟವಾದದ್ದು ಆಟ ನಿಲ್ಲಿಸುವುದು. ಆಟದ ಒಂದು ದಿನ ಅಂದರೆ ನಮ್ಮ ಇಪ್ಪತ್ತು ನಿಮಿಷ, ಮೂರು ಸಂಜೆಗೆ ಒಂದು ಗಂಟೆ. ಆಟದಲ್ಲಿ ಬೆಳಕು ಅಳೆಯುವ ಡೇಲೈಟ್ ಸೆನ್ಸರನ್ನು ಕತ್ತಲಾದರೆ ಸಿಗ್ನಲ್ ಕೊಡುವ ಹಾಗೆ ತಿರುಗಿಸಿ ಹಾಕಿ, ಸಂಜೆಯಾದರೆ ನೋಟ್ ಬ್ಲಾಕ್, ಅಂದರೆ ಸ್ವರ ಹೊಡೆಯುವ ಬ್ಲಾಕ್, ಬಡಿಯುವ ಹಾಗೆ ಮಾಡಿದೆ. ಮೂರನೇ ಸಲ ಬಡಿದರೆ ಏಳಬೇಕು. ಮೊದಲ ದಿನವೇ ಮಧ್ಯಾಹ್ನ ಬಡಿಯಿತು. ಆಟದಲ್ಲಿ ಮಳೆ ಬಂದಿತ್ತು. ಮೋಡ ಕವಿದರೂ ಸೆನ್ಸರ್ ಸ್ವಲ್ಪ ಸಿಗ್ನಲ್ ಕೊಡುತ್ತದೆ, ಮೂರೋ ನಾಲ್ಕೋ, ಗುಡುಗಿದ್ದರೆ ಇನ್ನೊಂದೆರಡು ಜಾಸ್ತಿ. ಸಿಗ್ನಲ್ ಬ್ಲಾಕಿಗೊಂದರಂತೆ ಕಡಿಮೆಯಾಗುತ್ತದೆ, ಹಾಗಾಗಿ ನೋಟ್ ಬ್ಲಾಕನ್ನು ಎಂಟು ಬ್ಲಾಕ್ ದೂರ ಇಟ್ಟೆ. ಮಳೆಯ ಸಿಗ್ನಲ್ ಅಲ್ಲಿಗೆ ಮುಟ್ಟುವುದಿಲ್ಲ, ರಾತ್ರಿಯದ್ದು ಮುಟ್ಟುತ್ತದೆ. ಆಮೇಲೆ ಅಂಗಳದ ಆಚೆ ತುದಿಗೆ ಸದ್ದು ಕೇಳದೆ ಇನ್ನೂ ಮೂರು ಹಾಕಿದೆ. ಈ ಗಂಟೆ ನನಗೆ ಗುಡಾರಕ್ಕಿಂತ ಹೆಮ್ಮೆ.

ಆದರೆ ಗಂಟೆ ಮಾಡಿದವಳಿಗೆ ಅದನ್ನು ಮೋಸ ಮಾಡುವುದೂ ಗೊತ್ತಿರುತ್ತದೆ. ಸಂಜೆಯಾಗುವ ಹೊತ್ತಿಗೆ ಕಮಾಂಡ್ ಹೊಡೆದು ಬೆಳಗು ಮಾಡಿದರೆ ಆಯಿತು. ಒಂದು ಶನಿವಾರ ಹೀಗೆ ನಾಲ್ಕು ಗಂಟೆ ಆಡಿದೆ. ಪಪ್ಪ ಕೇಳಿದಾಗ "ಮೂರು ಸಂಜೆ ಅಷ್ಟೇ" ಎಂದೆ. ಮಾತಿನ ಪ್ರಕಾರ ಸುಳ್ಳಲ್ಲ, ಸಂಜೆ ಆದದ್ದು ಮೂರೇ. ಮಾರನೇ ದಿನ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ತಗೊಳ್ಳುವ ಕರ್ತನ ಭೋಜನದ ಭಾನುವಾರ. ಸಾಲಿನಲ್ಲಿ ಎದ್ದು ಹೋಗಲು ಕಾಲು ಬರಲಿಲ್ಲ. ನಾನು ಕೂತೇ ಇದ್ದೆ, ಅಜ್ಜಿ ತಿರುಗಿ ನೋಡಿದರು. ಮನೆಗೆ ಬಂದು ಪಪ್ಪನಿಗೆ ಹೇಳಿದೆ. ಅವರು ಬೈಯಲಿಲ್ಲ. "ಕಮಾಂಡ್ ಬರದ ಹಾಗೆ ಮಾಡಲಿಕ್ಕೆ ಆಗುತ್ತದಾ?" ಎಂದು ಕೇಳಿದರು. ಚೀಟ್ ಆಫ್ ಮಾಡಿದರೆ ಆಗುತ್ತದೆ, ಆದರೆ ಅದನ್ನು ಮತ್ತೆ ಆನ್ ಮಾಡಲಿಕ್ಕೂ ನನಗೆ ಬರುತ್ತದೆ ಎಂದೆ. "ಹಾಗಾದರೆ ಬೇಡ, ನೀನೇ ಹೇಳು" ಎಂದರು. ಆಮೇಲೆ ಎಷ್ಟು ಆಡಿದೆ ಅಂತ ಪ್ರತಿ ರಾತ್ರಿ ನಾನೇ ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ. ಆಟ ಪಾಪವಾ ಅಂತ ಯೂತ್ ಮೀಟಿಂಗ್‌ನಲ್ಲಿ ಆಗಾಗ ಚರ್ಚೆ ಆಗುತ್ತದೆ. ನೆದರ್‌ಗೆ ಹೋಗಿ ನನಗೆ ಏನೂ ಆಗಲಿಲ್ಲ. ಆದದ್ದು ಆ ಮೂರು ಸಂಜೆಯಿಂದ.

ಮಧ್ಯದಲ್ಲಿ ಒಂದೆರಡು ಅಡ್ಡದಾರಿ. ಸೊಲೊಮೋನನ ದೇವಾಲಯದ ಎದುರು ಕಡಲು ಅಂತ ಕರೆಯುವ ದೊಡ್ಡ ತೊಟ್ಟಿ ಇತ್ತು. ಅಡ್ಡಳತೆ 10 ಮೊಳ, ಸುತ್ತಳತೆ 30. ಹಾಗಾದರೆ ಪೈ 3 ಆಯಿತಲ್ಲ ಅಂತ ದೊಡ್ಡಪ್ಪ ಯಾವಾಗಲೂ ಕೆಣಕುತ್ತಾರೆ. ನಾನು 20 ಬ್ಲಾಕ್ ಅಡ್ಡಳತೆಯ ವೃತ್ತ ಕಟ್ಟಿ ಎಣಿಸಿದೆ. ಐವತ್ತಾರೋ ಏನೋ ಬಂತು, ಅಂದರೆ 2.8. ನನ್ನ ಕಂಪ್ಯೂಟರಿಗಿಂತ ಸೊಲೊಮೋನನವರೇ ಹತ್ತಿರ! ಆಮೇಲೆ ಬಚ್ಚಲಮನೆಯ ತಾಮ್ರದ ಹಂಡೆಗೆ ದಾರ ಸುತ್ತಿದೆ. ಅಡ್ಡಳತೆಯನ್ನು ಅಂಚಿನ ಹೊರಗಿನಿಂದ, ಸುತ್ತಳತೆಯನ್ನು ಒಳಗಿನಿಂದ ಹಿಡಿದರೆ ಉತ್ತರ ಕಡಿಮೆ ಬರುತ್ತದೆ. ಆ ತೊಟ್ಟಿಯ ಅಂಚು ಅಂಗೈ ದಪ್ಪ ಇತ್ತು ಅಂತ ಅಲ್ಲೇ ಬರೆದಿದೆ. ದೊಡ್ಡಪ್ಪ ಅದನ್ನು ಒಪ್ಪಿಲ್ಲ. ಆಟದೊಳಗೆ ಬೋರ್ಡ್ ಮೇಲೆ ಕನ್ನಡ ಬರೆಯಲೂ ನೋಡಿದೆ. 'ಪರಿಶುದ್ಧ' ಅಂತ ಹಾಕಿದರೆ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಜಾರಿತು. ಬಿಟ್ಟುಬಿಟ್ಟೆ.

ಮಾರ್ಕ್ಸ್ ಬಂದ ಮೇಲೆ ದೊಡ್ಡಪ್ಪ ಮನೆಗೆ ಬಂದು ಗ್ರಾಫ್ ಪುಸ್ತಕ ಕೇಳಿದರು. ಕಂಬಗಳ ಹಾಳೆಯಲ್ಲಿ ಬೆರಳಿಟ್ಟು ಒಂದು, ಎರಡು ಅಂತ ಎಣಿಸುತ್ತಾ ಹೋದರು. ಮೂಲೆಗೆ ಬಂದು ನಿಂತರು. ಮತ್ತೆ ಮೊದಲಿನಿಂದ ಎಣಿಸಿದರು. ನಾನು ಏನೂ ಹೇಳಲಿಲ್ಲ.

ಈಗ ನಮ್ಮ ಚರ್ಚಿನ ಹಂಚಿನ ಮಾಡು ಕಟ್ಟುತ್ತಿದ್ದೇನೆ. ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ್ದು, ಅಂಥದೇ ಹಂಚು. ಆಟದ ಮೆಟ್ಟಿಲು ಬ್ಲಾಕ್ ಹಾಕಿದರೆ ಇಳಿಜಾರು 45 ಡಿಗ್ರಿ ಆಗುತ್ತದೆ. ನಮ್ಮದು ಅಷ್ಟು ಕಡಿದಾಗಿಲ್ಲ. ಅರ್ಧ ಬ್ಲಾಕ್ ಹಾಕಿ 26 ಡಿಗ್ರಿ ಆಸುಪಾಸಿಗೆ ಇಳಿಸಿದ್ದೇನೆ, ಟ್ರಿಗೊನಾಮೆಟ್ರಿ ಮರೆಯದ ಹಾಗೆ. ವಿಜ್ಞಾನಕ್ಕೆ ಮಾತ್ರ ಈ ವಿಧಾನ ನಡೆಯುತ್ತಿಲ್ಲ. ಆಟದಲ್ಲಿ ಮರದ ಬುಡ ಕಡಿದರೆ ಮೇಲಿನ ಕೊಂಬೆ ಗಾಳಿಯಲ್ಲೇ ನಿಲ್ಲುತ್ತದೆ. ಅದರಿಂದ ಗುರುತ್ವಾಕರ್ಷಣೆ ಕಲಿಯುವುದು ಹೇಗೆ? ಅಕ್ಟೋಬರ್ ಪರೀಕ್ಷೆಗೆ ಫೀ ಕಟ್ಟಿಯಾಗಿದೆ, ಟಿಎಂಎ, ಅಂದರೆ ಮನೆಯಲ್ಲೇ ಬರೆದು ಕೊಡುವ ಅಸೈನ್‌ಮೆಂಟ್, ಇನ್ನೂ ಎರಡು ಬಾಕಿ. ಸದ್ಯಕ್ಕೆ ಪುಸ್ತಕ ತೆರೆದೇ ಓದುತ್ತಿದ್ದೇನೆ. ಯಾರಾದರೂ ಬೇರೆ ಆಟದಲ್ಲಿ ಭೌತಶಾಸ್ತ್ರ ಮಾಡಿದ್ದರೆ ಹೇಳಿ. ಬದಲಿಗೆ ನನ್ನ ಪಟ್ಟಿಯ ಅರ್ಧ ಕೊಡುತ್ತೇನೆ.