ಕೀಲುನೋವೆಂದು ಕೆಲಸ ಬಿಡುವ ಮುನ್ನ

ಸಂಧಿವಾತ ಕೆರಳಿದ ವಾರ ಬೆರಳು ಊದಿರುತ್ತವೆ, ರಾತ್ರಿ ನಿದ್ದೆ ಇರುವುದಿಲ್ಲ, ‘ಇನ್ನು ನನ್ನ ಕೈಲಾಗದು’ ಅನ್ನಿಸಿಬಿಡುತ್ತದೆ. ಆ ವಾರ ಮಾತ್ರ ರಾಜೀನಾಮೆ ಬರೆಯಬೇಡಿ. ಎಷ್ಟೋ ಸಲ ಕಾಟ ಕೊಡುತ್ತಿರುವುದು ದಿನದ ನಾಲ್ಕಾರು ಕೆಲಸಗಳಷ್ಟೇ. ಅವನ್ನು ಹುಡುಕಿ ಬದಲಿಸಿಕೊಂಡರೆ ಮಿಕ್ಕಿದ್ದು ಸಾಗುತ್ತದೆ.

1. ಯಾವ ವಾತವೆಂದು ತಿಳಿಯಿರಿ
ಸಂಧಿವಾತದಲ್ಲಿ 100ಕ್ಕೂ ಹೆಚ್ಚು ಬಗೆಗಳಿವೆ. ಕೀಲು ಸವೆದು ಬರುವ ವಾತದಲ್ಲಿ ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲುತ್ತದೆ. ರುಮಟಾಯ್ಡ್ ವಾತದಲ್ಲಿ ಒಂದು ಗಂಟೆ ದಾಟಿದರೂ ಬಿಡದಿರಬಹುದು. ಇದರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬಿದ್ದಿರುತ್ತದೆ. ರೋಗವನ್ನು ಹತೋಟಿಗೆ ತರುವ ಔಷಧವನ್ನು ಮೊದಲ ಕೆಲವು ತಿಂಗಳಲ್ಲೇ ಶುರುಮಾಡಿದಷ್ಟೂ ಒಳ್ಳೆಯದು. ಬರೀ ನೋವಿನ ಮಾತ್ರೆ ನುಂಗಿ ಡ್ಯೂಟಿಗೆ ಹೋಗುತ್ತಿದ್ದರೆ ಒಳಗೊಳಗೇ ಕೀಲು ಹಾಳಾಗುತ್ತಿರುತ್ತದೆ.

2. ಎರಡು ವಾರ ಬರೆದಿಡಿ
ಉದ್ದುದ್ದ ಬೇಡ, ಹೀಗಿದ್ದರೆ ಸಾಕು: ‘9.30, ಮೌಸ್ ಹಿಡಿಯಲಾಗಲಿಲ್ಲ. 11, ಸಲೀಸು. 3, ಫೈಲಿನ ಪೆಟ್ಟಿಗೆ ಎತ್ತಿದೆ, ಮಣಿಕಟ್ಟು ಛಳಕ್ ಎಂದಿತು. 4.30, ನೋವಿಲ್ಲ, ಆದರೆ ಕೂರಲೂ ತ್ರಾಣವಿಲ್ಲ.’ ಈ ಕೊನೆಯ ಸಾಲನ್ನು ಬರೆಯಲು ಅನೇಕರಿಗೆ ಸಂಕೋಚ. ಸುಸ್ತು ಸೋಮಾರಿತನವಲ್ಲ, ಕಾಯಿಲೆಯದೇ ಲಕ್ಷಣ. ಇಂಥ ಡೈರಿ ಓದಿದರೆ ಬೇಕಾದದ್ದು ಎರಡೇ ಎಂದು ಗೊತ್ತಾಗುತ್ತದೆ: ಬೆಳಿಗ್ಗೆ ಸ್ವಲ್ಪ ತಡವಾಗಿ ಶುರುಮಾಡುವುದು, ಪೆಟ್ಟಿಗೆ ಎತ್ತದಿರುವುದು.

3. ಸಣ್ಣ ಕೀಲಿನ ಭಾರ ದೊಡ್ಡ ಕೀಲಿಗೆ
ಸ್ಟೇಪ್ಲರನ್ನು ಬೆರಳಲ್ಲಿ ಹಿಂಡಬೇಡಿ. ಮೇಜಿನ ಮೇಲಿಟ್ಟು ಅಂಗೈಯ ಬುಡದಿಂದ ಒತ್ತಿ. ಚೀಲವನ್ನು ಬೆರಳಿಗೆ ನೇತುಹಾಕುವ ಬದಲು ಮುಂದೋಳಿಗೆ ಏರಿಸಿ. ಪೆನ್ನಿಗೆ ಸ್ಪಂಜು ಸುತ್ತಿ ದಪ್ಪ ಮಾಡಿಕೊಂಡರೆ ಹಿಡಿತ ಸಡಿಲವಿದ್ದರೂ ಬರೆಯಬಹುದು. ಉದ್ದ ಪತ್ರಗಳಿಗೆ ಧ್ವನಿ ಟೈಪಿಂಗ್ ಇದೆ. ನಿಂತು ಮಾಡುವ ಕೆಲಸವಾದರೆ ಒಂದು ಎತ್ತರದ ಸ್ಟೂಲ್ ಕೇಳಿ. ಕೂತವರು ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ, ಒಂದೇ ಭಂಗಿಯಲ್ಲಿ ಕೀಲು ಮತ್ತೆ ಬಿಗಿಯುತ್ತದೆ.

4. ಮೇಲಿನವರ ಬಳಿ ಮಾತಾಡಿ
ನೋವು ಕಡಿಮೆಯಿರುವ ದಿನ ನೋಡಿ ಹೋಗಿ. ‘ಸರ್, ತುಂಬಾ ಕಷ್ಟವಾಗ್ತಿದೆ’ ಎಂದರೆ ಅವರಿಗೂ ಏನು ಮಾಡಬೇಕೆಂದು ತೋಚದು. ‘ಬೆಳಿಗ್ಗೆ ಕೈ ಬಿಗಿದಿರುತ್ತೆ ಸರ್. ಒಂದು ಗಂಟೆ ತಡವಾಗಿ ಬಂದು, ಸಂಜೆ ಒಂದು ಗಂಟೆ ಹೆಚ್ಚಿಗೆ ಇರ್ತೀನಿ. ಪೆಟ್ಟಿಗೆ ಸಾಗಿಸೋಕೆ ಒಂದು ಟ್ರಾಲಿ ಬೇಕು. ಒಂದು ತಿಂಗಳು ಹೀಗೆ ನೋಡೋಣವಾ?’ ಎಂದರೆ ಒಪ್ಪುವುದು ಸುಲಭ. ವೈದ್ಯರ ಪತ್ರದಲ್ಲೂ ಬರೀ ಕಾಯಿಲೆಯ ಹೆಸರಿದ್ದರೆ ಪ್ರಯೋಜನ ಕಡಿಮೆ. ಯಾವ ಕೆಲಸ ಕಷ್ಟ, ಯಾವುದು ಆಗುತ್ತದೆ ಎಂದು ಬರೆಸಿಕೊಳ್ಳಿ.

ಮೇಲಧಿಕಾರಿಗಳಿಗೂ ಒಂದು ಮಾತು. ‘ನಿನ್ನೆ ಚೆನ್ನಾಗೇ ಇದ್ರಲ್ಲ?’ ಎಂದು ಕೇಳಬೇಡಿ. ಈ ಕಾಯಿಲೆ ಏರಿಳಿಯುವಂಥದ್ದು, ನಿನ್ನೆಯದೂ ನಿಜ, ಇವತ್ತಿನದೂ ನಿಜ. ಕನಿಕರದಿಂದ, ಅವರನ್ನು ಕೇಳದೆಯೇ ಜವಾಬ್ದಾರಿ ಕಿತ್ತುಕೊಳ್ಳುವುದು ಬೈಗುಳಕ್ಕಿಂತ ಹೆಚ್ಚು ನೋಯಿಸುತ್ತದೆ.

5. ಔಷಧದ ದಿನ
ರುಮಟಾಯ್ಡ್ ವಾತವನ್ನು ಹತೋಟಿಗೆ ತರಲು ಕೊಡುವ ಮೆಥೊಟ್ರೆಕ್ಸೇಟ್ ಎಂಬ ಔಷಧ ತೆಗೆದುಕೊಳ್ಳುವ ಕೆಲವರಿಗೆ ಮರುದಿನ ವಾಕರಿಕೆ, ಸುಸ್ತು ಇರುತ್ತದೆ. ರಜೆಯ ಹಿಂದಿನ ದಿನಕ್ಕೆ ಅದನ್ನು ಹೊಂದಿಸಬಹುದೇ ಎಂದು ವೈದ್ಯರನ್ನು ಕೇಳಿ, ನೀವಾಗಿಯೇ ಬದಲಿಸಬೇಡಿ. ಈ ವಾತಕ್ಕೆ ಅದನ್ನು ಕೊಡುವುದು ವಾರಕ್ಕೊಂದೇ ದಿನ. ತಪ್ಪಿ ದಿನಾ ನುಂಗಿದರೆ ಜೀವಕ್ಕೇ ಅಪಾಯ.