ಜೇಡ ಕಚ್ಚಿದೆಯೆಂಬ ಅನುಮಾನ ಬಂದಾಗ ಮಾಡಬೇಕಾದದ್ದು

ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಲ್ಲಿ ಕಾಫಿ ಕೊಯ್ಲು ಶುರುವಾದರೆ ಮೈಮೇಲೆ ಎದ್ದ ಗುಳ್ಳೆಗಳನ್ನೆಲ್ಲ ಜೇಡನ ತಲೆಗೆ ಕಟ್ಟುವವರಿದ್ದಾರೆ. ಆದರೆ ಕಚ್ಚಿದ್ದನ್ನು ಕಣ್ಣಾರೆ ಕಾಣದಿದ್ದರೆ, ಗಾಯವನ್ನಷ್ಟೇ ನೋಡಿ ಅದು ಜೇಡನದೇ ಎಂದು ನಿರ್ಧರಿಸುವುದು ವೈದ್ಯರಿಗೂ ಕಷ್ಟ. ಹೆಚ್ಚಿನ ಜೇಡಗಳ ಕಡಿತದಿಂದಾಗುವ ಕೆಂಪು, ತುರಿಕೆ, ಸಣ್ಣ ಊತ ತಾವಾಗಿಯೇ ಇಳಿಯುತ್ತವೆ. ಪಶ್ಚಿಮ ಘಟ್ಟದ ಮರದ ಪೊಟರೆಗಳಲ್ಲಿ ವಾಸಿಸುವ, ಮೈತುಂಬ ರೋಮವಿರುವ ಪೀಸಿಲೋಥೀರಿಯಾ ಎಂಬ ದೊಡ್ಡ ಜೇಡ ಇದಕ್ಕೆ ಹೊರತು. ಅದು ಕಚ್ಚಿದರೆ ಕೆಲವು ಗಂಟೆಗಳ ನಂತರವೂ ಸ್ನಾಯುಗಳು ತೀವ್ರವಾಗಿ ಸೆಟೆದುಕೊಳ್ಳಬಹುದು, ಆ ಸೆಳೆತ ಹಲವು ದಿನ ಮರುಕಳಿಸಬಹುದು.

ಮೊದಲು ಗಾಯವನ್ನು ಸಾಬೂನು ಹಚ್ಚಿ ತೊಳೆದು, ಊತ ಏರುವ ಮುನ್ನವೇ ಉಂಗುರ, ಬಳೆಗಳನ್ನು ತೆಗೆಯಿರಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 10 ನಿಮಿಷ ಇಟ್ಟು, ಅಷ್ಟೇ ಹೊತ್ತು ತೆಗೆದು, ಮತ್ತೆ ಇಡಿ. ಕೆಂಪಾದ ಭಾಗದ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಸಮಯ ಬರೆದಿಟ್ಟರೆ ಅದು ಹರಡುತ್ತಿದೆಯೇ ಎಂಬುದು ತಿಳಿಯುತ್ತದೆ. ಸುಣ್ಣ, ಸೊಪ್ಪಿನ ರಸ ಹಚ್ಚುವುದು, ಕೊಯ್ದು ರಕ್ತ ಹೀರುವುದು ಬೇಡವೇ ಬೇಡ.

ಸ್ನಾಯು ಸೆಳೆತ, ಹೊಟ್ಟೆ ಬಿಗಿತ, ವಿಪರೀತ ಬೆವರು, ವಾಂತಿ, ಮುಖದ ಊತ, ಉಸಿರಾಟದ ತೊಂದರೆ ಅಥವಾ ಗಾಯ ಕಪ್ಪಾಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮಕ್ಕಳ ವಿಷಯದಲ್ಲಿ ಈ ಲಕ್ಷಣಗಳಿಗೆ ಕಾಯುವುದೂ ಸಲ್ಲ. ಅಲ್ಲಿ ನೋವಿಗೆ ಮತ್ತು ಸೆಳೆತಕ್ಕೆ ಔಷಧ ಕೊಡುತ್ತಾರೆ, ಅಗತ್ಯವಿದ್ದರೆ ಧನುರ್ವಾಯು ಚುಚ್ಚುಮದ್ದು ಹಾಕುತ್ತಾರೆ. ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ ಜೇಡನ ವಿಷಕ್ಕೆ ನಾಟುವುದಿಲ್ಲವಾದ್ದರಿಂದ ಅದನ್ನೇ ಕೊಡಿ ಎಂದು ಒತ್ತಾಯಿಸಬಾರದು.

ಇದಕ್ಕಿಂತ ದೊಡ್ಡ ಅಪಾಯವೆಂದರೆ ಹಾವಿನ ಕಡಿತವನ್ನು ಜೇಡನದೆಂದು ತಿಳಿದು ಸುಮ್ಮನಾಗುವುದು. ರಾತ್ರಿ ನೆಲದಲ್ಲಿ ಮಲಗಿದವರಿಗೆ ಕಟ್ಟುಹಾವು ಕಚ್ಚಿದರೆ ನೋವೂ ಇರದೆ, ಗುರುತೂ ಕಾಣದೆ ಹೋಗಬಹುದು. ಕಚ್ಚಿದ್ದು ಯಾವುದೆಂದು ತಿಳಿಯದಿದ್ದಾಗ, ಅದರಲ್ಲೂ ರೆಪ್ಪೆ ಜೋತುಬಿದ್ದರೆ, ಮಾತು ತೊದಲಿದರೆ, ನುಂಗಲು ಕಷ್ಟವಾದರೆ, ರೋಗಿಯನ್ನು ನಡೆಸದೆ 108ಕ್ಕೆ ಕರೆ ಮಾಡಿ. ಹಾಸನ ಅಥವಾ ಚಿಕ್ಕಮಗಳೂರಿನ ಜಿಲ್ಲಾ ಕೇಂದ್ರ ದೂರವಿದ್ದರೆ, ಪ್ರತಿವಿಷ ಲಭ್ಯವಿರುವ ಹತ್ತಿರದ ತಾಲ್ಲೂಕು ಆಸ್ಪತ್ರೆಗೇ ಒಯ್ಯಿರಿ.

ಕಂಕುಳು, ತೊಡೆಸಂದು, ಸೊಂಟದ ಸುತ್ತ ನೋವಿಲ್ಲದ ಕಪ್ಪು ಹಕ್ಕಳೆ ಕಂಡು, ಜೊತೆಗೆ ಜ್ವರ, ತಲೆನೋವು ಇದ್ದರೆ ಜೇಡನನ್ನು ಮರೆತು ಸ್ಕ್ರಬ್ ಟೈಫಸ್ ಕುರಿತು ಯೋಚಿಸಬೇಕು. ಇದನ್ನು ಹರಡುವುದು ಪೊದೆಗಳಲ್ಲಿರುವ ನುಸಿಗಳ ಮರಿಗಳು. ಡಾಕ್ಸಿಸೈಕ್ಲಿನ್‌ನಿಂದ ಗುಣವಾಗುವ ಈ ಜ್ವರ, ತಡವಾದರೆ ಪ್ರಾಣಕ್ಕೇ ಮುಳುವಾಗಬಲ್ಲದು. ಆದ್ದರಿಂದ ತೋಟದಲ್ಲಿ ಕೆಲಸ ಮಾಡಿದ್ದನ್ನು ವೈದ್ಯರು ಕೇಳದಿದ್ದರೂ ಹೇಳಿ, ಆ ಹಕ್ಕಳೆಯನ್ನು ಸಂಕೋಚಪಡದೆ ತೋರಿಸಿ.