ಹಂಚಿನ ಮನೆಯ ಅಟ್ಟಕ್ಕೆ ಏಸಿ ತರುವ ಮೊದಲು

ಏಪ್ರಿಲ್ ತಿಂಗಳ ಮಧ್ಯಾಹ್ನ ನಮ್ಮ ಅಟ್ಟದ ಮೆಟ್ಟಿಲು ಹತ್ತಿ ನೋಡಬೇಕು. ಕೊನೆಯ ಮೂರು ಮೆಟ್ಟಿಲು ಉಳಿದಿರುವಾಗಲೇ ತಲೆಗೆ ಬಿಸಿ ಬಡಿಯುತ್ತದೆ, ಕಾಲು ಮಾತ್ರ ಇನ್ನೂ ತಂಪಿನಲ್ಲೇ ಇರುತ್ತದೆ. ಪುತ್ತೂರು, ಸುಳ್ಯ ಕಡೆಯ ಹಂಚಿನ ಮನೆಗಳಲ್ಲಿ ಅಟ್ಟ ಎಂದರೆ ಅಡಿಕೆ ಗೋಣಿ, ಒಣಗಿದ ತೆಂಗಿನಕಾಯಿ, ಹಳೆಯ ಹಂಡೆ ಇಡುವ ಜಾಗ. ಈಗ ಮಕ್ಕಳು ಬೆಂಗಳೂರಿನ ಕೆಲಸವನ್ನು ಊರಿಗೇ ತಂದಿದ್ದಾರೆ, ಅಟ್ಟ ಆಫೀಸು ಆಗಿದೆ. ಮೊದಲ ಸೆಕೆಗೇ ಏಸಿ ಅಂಗಡಿಗೆ ಓಡುತ್ತಾರೆ. ನಾವೂ ಹಾಗೇ ಓಡಿದವರು. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಅಂಗಡಿಯವರು ಕೋಣೆ ನೋಡಲಿಲ್ಲ. "ಹಂಚಿನಡಿ ಅಲ್ಲವಾ, ಎರಡು ಟನ್ನಿನದೇ ಹಾಕಿ" ಅಂದರು. ತಂದು ಬರೀ ಹಂಚಿನ ಕೆಳಗೆ ತೂಗಿಸಿದೆವು. ಹಗಲೆಲ್ಲ ನಿಲ್ಲದೆ ಓಡಿತು, ಕೋಣೆ ತಣ್ಣಗಾಗಲಿಲ್ಲ. ಮಳೆಗಾಲದ ರಾತ್ರಿ ಹಾಕಿದರೆ ಹತ್ತು ನಿಮಿಷದಲ್ಲಿ ಚಳಿ ಹಿಡಿಸಿ ಕಂಪ್ರೆಸರ್ ನಿಂತುಬಿಡುತ್ತಿತ್ತು. ಆದರೆ ಗಾಳಿಯ ಪಸೆ ಹಾಗೇ ಉಳಿದು ಹಾಸಿಗೆಯ ಬಟ್ಟೆ ಒದ್ದೆ ಒದ್ದೆ. ಕರಾವಳಿಯ ಸೆಕೆಯಲ್ಲಿ ಅರ್ಧ ಬಿಸಿಲಾದರೆ ಅರ್ಧ ತೇವ. ಏಸಿ ನಿಧಾನವಾಗಿ ಹೆಚ್ಚು ಹೊತ್ತು ಓಡಿದರೆ ಮಾತ್ರ ತೇವ ನೀರಾಗಿ ಇಳಿದು ಪೈಪಿನಲ್ಲಿ ಹೊರಗೆ ಹೋಗುತ್ತದೆ. ಬೇಕಾದ್ದಕ್ಕಿಂತ ದೊಡ್ಡದು ತಂದರೆ ಆ ಕೆಲಸ ಆಗುವುದೇ ಇಲ್ಲ.

ತಪ್ಪು ಹಂಚಿನದಲ್ಲ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಹಂಚು ನಮ್ಮ ಮನೆಗಳ ಮೇಲೆ ಬಂತು. ಸಂದು ಸಂದಿನಿಂದ ಬಿಸಿಗಾಳಿ ಹೊರಗೆ ಹೋಗುವುದೇ ಅದರ ಗುಣ. ಆ ಸಂದಿನಡಿ ಏಸಿ ಹಾಕುವುದು ತೂತು ಕೊಡಪಾನಕ್ಕೆ ನೀರು ಸೇದಿದ ಹಾಗೆ. ಮೇಲಿನಿಂದ ಕಾದ ಹಂಚಿನ ಝಳ ಬೇರೆ ಇಳಿಯುತ್ತದೆ. ಗಾಳಿ ಎಷ್ಟೇ ತಂಪಾಗಿದ್ದರೂ ನೆತ್ತಿ ಸುಡುವುದು ಈ ಝಳದಿಂದ.

ಆದ್ದರಿಂದ ಮೊದಲ ಖರ್ಚು ಮುಚ್ಚಿಗೆಗೆ. ಹಂಚು ಹೊರುವ ಪಕಾಸಿನ ಕೆಳಗೆ ಅಲ್ಯೂಮಿನಿಯಂ ಹಾಳೆ ಕಟ್ಟಿಸಿ. ಹಾಳೆಗೂ ಹಂಚಿಗೂ ನಡುವೆ ಒಂದೆರಡು ಇಂಚಾದರೂ ಗಾಳಿ ಇರಲೇಬೇಕು, ಹಂಚಿಗೆ ಅಂಟಿಸಿದರೆ ಹಾಳೆ ಉಪಯೋಗಕ್ಕೆ ಬಾರದು. ಅದರ ಕೆಳಗೆ ಶಾಖ ತಡೆಯುವ ಗ್ಲಾಸ್‌ವೂಲ್ ಅಥವಾ ರಾಕ್‌ವೂಲ್ ಹಾಸು, ಆಮೇಲೆ ಸಿಮೆಂಟ್ ಬೋರ್ಡಿನ ಮುಚ್ಚಿಗೆ. ಜಿಪ್ಸಂ ಬೋರ್ಡ್ ನೋಡಲು ಚಂದ, ಆದರೆ ಆಷಾಢದಲ್ಲಿ ಒಂದು ಹಂಚು ಸರಿದು ನೀರು ಸೋರಿದರೆ ಉಬ್ಬಿ ಕಳಚಿ ಬೀಳುತ್ತದೆ. ಪ್ಲೈವುಡ್ ಗೆದ್ದಲಿನ ಪಾಲು. ಮುಚ್ಚಿಗೆಯ ಮೇಲಿನ ಬಿಸಿಗಾಳಿ ಹೊರಹೋಗಲು ಎರಡೂ ಕಡೆಯ ತ್ರಿಕೋನ ಗೋಡೆಯಲ್ಲಿ ಕಿಂಡಿ ಬಿಡಿಸಿ, ಬಾವಲಿ, ಅಳಿಲು ನುಗ್ಗದ ಹಾಗೆ ಬಲೆ ಹೊಡೆಸಿ. ಬೆಳಕಿಗೆಂದು ಇಟ್ಟ ಗಾಜಿನ ಹಂಚನ್ನು ತೆಗೆಸಿಬಿಡಿ. ಒಂದೇ ಒಂದು ಗಾಜಿನ ಹಂಚು ಮಧ್ಯಾಹ್ನವಿಡೀ ಕೋಣೆಗೆ ಬಿಸಿಲು ಸುರಿಯುತ್ತದೆ.

ತಂಪು ಸೋರಿಹೋಗುವ ಇನ್ನೊಂದು ದಾರಿಯನ್ನು ಯಾರೂ ಗಮನಿಸುವುದಿಲ್ಲ. ತಂಪುಗಾಳಿ ಭಾರ, ಅದು ಕೆಳಗೆ ಇಳಿಯುತ್ತದೆ. ಹಲಗೆ ನೆಲದ ಸಂದಿನಿಂದ, ಮೆಟ್ಟಿಲ ಬಾಯಿಯಿಂದ ಸೋರಿ ಅಡುಗೆಮನೆ ಸೇರುತ್ತದೆ. ನಾವು ತಿಂಗಳುಗಟ್ಟಲೆ ದುಡ್ಡು ಕೊಟ್ಟು ತಂಪು ಮಾಡಿದ್ದು ಒಲೆಯ ಮುಂದಿನ ಜಾಗವನ್ನು. ಕೊನೆಗೆ ಒಂದು ರಾತ್ರಿ ಫ್ಯಾನ್ ನಿಲ್ಲಿಸಿ ಏಸಿ ಹಾಕಿ, ಊದುಬತ್ತಿ ಹಚ್ಚಿಕೊಂಡು ಹಲಗೆಯ ಸಂದುಗಳ ಮೇಲೆ ಮೆಲ್ಲಗೆ ಸರಿಸುತ್ತಾ ಹೋದೆ. ಹೊಗೆ ನೆಟ್ಟಗೆ ಏಳುತ್ತಿದ್ದದ್ದು ಕಿಟಕಿ ಬದಿಯ ಮೂರನೇ ಹಲಗೆಗೆ ಬಂದಾಗ ತಲೆಬಾಗಿ ದಾರದಂತೆ ಸಂದಿನೊಳಗೆ ಇಳಿದುಹೋಯಿತು. ಅಲ್ಲಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ ಮರುದಿನ ಸಂದು ತುಂಬಿಸಿದೆವು, ಮೆಟ್ಟಿಲಿಗೆ ಒಂದು ಬಾಗಿಲು ಇಡಿಸಿದೆವು. ನೀವೂ ಏಸಿ ಕೊಳ್ಳುವ ಮೊದಲು ಊದುಬತ್ತಿಯ ಕೆಲಸ ಮಾಡಿ. ಏಸಿ ಇಲ್ಲದಿದ್ದರೂ ಗಾಳಿ ಎಲ್ಲಿಂದ ಓಡಾಡುತ್ತದೆ ಎಂದು ಹೊಗೆ ತೋರಿಸುತ್ತದೆ.

ಇಷ್ಟಾದ ಮೇಲೆ ಟನ್ನಿನ ಮಾತು. ಒಂದು ಟನ್ ಎಂದರೆ ಗಂಟೆಗೆ 12,000 ಬಿಟಿಯು (ಶಾಖದ ಒಂದು ಅಳತೆ), ಅಂದರೆ ಸುಮಾರು 3.5 ಕಿಲೋವ್ಯಾಟಿನಷ್ಟು ಶಾಖವನ್ನು ಹೊರಗೆ ಹಾಕುವ ಶಕ್ತಿ. ಹತ್ತಕ್ಕೆ ಹನ್ನೆರಡು ಅಡಿಯ ಸಾಮಾನ್ಯ ಕೋಣೆಗೆ ಒಂದು ಟನ್ ಸಾಕು. ಅಟ್ಟಕ್ಕೆ ಮೇಲಿನ ಬಿಸಿಲಿನ ಲೆಕ್ಕ ಸೇರಿಸಬೇಕು, ಆದರೆ ಇಳಿಜಾರಿನಿಂದಾಗಿ ಕೋಣೆಯ ಒಳಗಾತ್ರ ಕಡಿಮೆ ಎಂಬುದನ್ನೂ ಮರೆಯಬಾರದು. ಮುಚ್ಚಿಗೆ ಸರಿಯಾಗಿದ್ದರೆ ನಮ್ಮ ಹನ್ನೆರಡಕ್ಕೆ ಹನ್ನೆರಡರ ಅಟ್ಟಕ್ಕೆ ಒಂದೂವರೆ ಟನ್ನಿನ ಇನ್ವರ್ಟರ್ ಸ್ಪ್ಲಿಟ್ ಧಾರಾಳವಾಯಿತು. ಇನ್ವರ್ಟರ್ ಎಂದರೆ ಕರೆಂಟ್ ಹೋದಾಗ ಓಡುವುದು ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಬೇಕಾದಷ್ಟೇ ವೇಗಕ್ಕೆ ಇಳಿದು ನಿಲ್ಲದೆ ಓಡುವ ಕಂಪ್ರೆಸರ್ ಅದು, ನಮ್ಮ ತೇವಕ್ಕೆ ಹೇಳಿಮಾಡಿಸಿದ್ದು. ಸ್ಟಾರ್ ಎಣಿಸಿ ಸಮಾಧಾನಪಡಬೇಡಿ, ಲೇಬಲ್ಲಿನ ಐಎಸ್‌ಇಇಆರ್ (ತಿನ್ನುವ ಕರೆಂಟಿಗೆ ಎಷ್ಟು ತಂಪು ಕೊಡುತ್ತದೆ ಎಂಬ ಲೆಕ್ಕ) ಸಂಖ್ಯೆಯನ್ನೂ ಇಸವಿಯನ್ನೂ ಓದಿ. ಸ್ಟಾರಿನ ಅಳತೆ ಆಗಾಗ ಬಿಗಿಯಾಗುವುದರಿಂದ ಹಳೆಯ ಐದು ಸ್ಟಾರ್ ಹೊಸ ಲೆಕ್ಕದಲ್ಲಿ ಐದಾಗಿರುವುದಿಲ್ಲ.

ಉರುಳಿಸಿಕೊಂಡು ಹೋಗುವ ಪೋರ್ಟಬಲ್ ಏಸಿ ಅಟ್ಟಕ್ಕೆ ಬೇಡವೇ ಬೇಡ. ಒಂದೇ ಕೊಳವೆಯದಾದರೆ ಅದು ಕೋಣೆಯ ಗಾಳಿಯನ್ನೇ ಹೊರಗೆ ದಬ್ಬುತ್ತದೆ, ಆ ಖಾಲಿಗೆ ಹಂಚಿನ ಸಂದಿನಿಂದ ಬಿಸಿಗಾಳಿ ನುಗ್ಗುತ್ತದೆ. ವಿಂಡೋ ಏಸಿ ಆದೀತು, ತ್ರಿಕೋನ ಗೋಡೆಯಲ್ಲಿ ಗಟ್ಟಿ ಕಿಟಕಿ ಇದ್ದರೆ.

ಒಳಗಿನ ಯೂನಿಟ್ಟನ್ನು ಆ ತ್ರಿಕೋನ ಗೋಡೆಗೇ ಕೂರಿಸಿ, ಗಾಳಿ ಕೋಣೆಯ ಉದ್ದಕ್ಕೆ ಹೋಗಲಿ. ಇಳಿಜಾರಿನ ಕಡೆಯ ಗಿಡ್ಡ ಗೋಡೆಗೆ ಹಾಕಿದರೆ ಗಾಳಿ ಎದುರಿನ ಮುಚ್ಚಿಗೆಗೆ ಬಡಿದು ತಿರುಗಿ ಬರುತ್ತದೆ, ಯಂತ್ರ ಕೋಣೆ ತಣ್ಣಗಾಯಿತೆಂದು ತಿಳಿಯುತ್ತದೆ. ಮುರಕಲ್ಲಿನ ಹಳೆ ಗೋಡೆಯಲ್ಲಿ ಸಣ್ಣ ಸ್ಕ್ರೂ ನಿಲ್ಲುವುದಿಲ್ಲ, ಹಲಗೆ ಕೊಟ್ಟು ಉದ್ದದ ಬೋಲ್ಟ್ ಹಾಕಿಸಿ. ಹೊರಗಿನ ಯೂನಿಟ್ ಹಂಚಿನ ಮೇಲೂ ಬೇಡ, ಅಟ್ಟದ ಮೂಲೆಯಲ್ಲೂ ಬೇಡ. ಲೇಬಲ್ಲಿನ ಶಕ್ತಿಯೆಲ್ಲ ಹೊರಗೆ 35 ಡಿಗ್ರಿ ಇರುವಾಗಿನ ಲೆಕ್ಕ, ಕಾದ ಜಾಗದಲ್ಲಿಟ್ಟರೆ ಅಷ್ಟು ಸಿಗುವುದಿಲ್ಲ. ಉತ್ತರದ ನೆರಳಿನ ಗೋಡೆ ನೋಡಿ. ಸಾಮಾನ್ಯವಾಗಿ ಪೆಟ್ಟಿಗೆಯಲ್ಲಿ ಬರುವ ತಾಮ್ರದ ಪೈಪು ಮೂರು ಮೀಟರ್ ಮಾತ್ರ, ಅಟ್ಟದಿಂದ ಇಳಿಸಲು ಹೆಚ್ಚು ಬೇಕಾದರೆ ದುಡ್ಡನ್ನು ಮೊದಲೇ ಮಾತಾಡಿಕೊಳ್ಳಿ. ಗ್ಯಾಸ್ ಬಿಡುವ ಮೊದಲು ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪ್ ಹಚ್ಚಿದರೋ ಇಲ್ಲವೋ ಪಕ್ಕದಲ್ಲೇ ನಿಂತು ನೋಡಿ. ಸಮುದ್ರ ಹತ್ತಿರವಾದರೆ ತಾಮ್ರದ ಕಾಯಿಲ್, ತುಕ್ಕು ತಡೆಯುವ ಲೇಪ ಇರುವುದೇ ಬೇಕು.

ಹಳೆ ಮನೆಯ ವೈರಿಂಗ್ ಏಸಿಗೆ ಆಗದು. ಬೋರ್ಡಿನಿಂದ ಬೇರೆಯೇ ಲೈನು, ಲೋಡ್ ಹೆಚ್ಚಾದರೆ ತಾನೇ ಕರೆಂಟ್ ಕಡಿಯುವ ಬೇರೆ ಎಂಸಿಬಿ, ಒಳ್ಳೆಯ ಅರ್ತಿಂಗ್. ಮರದ ಅಟ್ಟದಲ್ಲಿ ವೈರು ಪೈಪಿನೊಳಗೇ ಹೋಗಬೇಕು, ಇಲಿ ಕಚ್ಚಿದರೆ ಬೆಂಕಿಗೆ ಸೌದೆ ಅಲ್ಲೇ ಇದೆ. ನನಗೆ ಹೆಚ್ಚು ಭಯ ಇರುವುದು ಇದೊಂದರದ್ದೇ.

24 ಡಿಗ್ರಿಗೆ ಇಟ್ಟು ಫ್ಯಾನ್ ನಿಧಾನಕ್ಕೆ ಹಾಕಿದರೆ ಈಗ ಮಗ ಸಂಜೆವರೆಗೆ ಆರಾಮವಾಗಿ ಕೂರುತ್ತಾನೆ. ಜೂನಿನಿಂದ ತೇವ ಇಳಿಸುವ ಡ್ರೈ ಮೋಡ್ ಸಾಕಾಗುತ್ತದೆ. ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ನಾನೇ ತೊಳೆಯುತ್ತೇನೆ, ಅಡಿಕೆ ಸುಲಿಯುವ ದಿನಗಳಲ್ಲಿ ವಾರಕ್ಕೊಮ್ಮೆ. ಮೇ ತಿಂಗಳ ಸಂಜೆ ಘಟ್ಟದ ಕಡೆ ಮೋಡ ಕಪ್ಪಾಗಿ ಮೊದಲ ಗುಡುಗು ಕೇಳಿದ ಕೂಡಲೇ ಏಸಿ ನಿಲ್ಲಿಸಿ, ಮೇಲೆ ಹೋಗಿ ಪ್ಲಗ್ಗನ್ನೇ ಕಿತ್ತಿಡುತ್ತೇವೆ.